ಇಸ್ತ್ರಿಯಮ್ಮ ಸಮುದ್ರಕ್ಕೆ ಹೋದದ್ದು

ಮದುವೆಗೆ ಇನ್ನು ಒಂದೇ ತಿಂಗಳಿರುವಾಗ ಮಗಳು ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಮೂರು ದಿನ ಸಮುದ್ರತೀರಕ್ಕೆ ಹೋಗಿಬರುತ್ತೇನೆ ಎಂದಳು. ಹೋಗಲಿ, ಬೇಡ ಅಂದವರು ಯಾರು? ಆದರೆ ಮಾತು ಮುಗಿಸುವಾಗ ಬಾಯಿಮಾತಿಗಾದರೂ "ಅಮ್ಮ, ನೀನೂ ಬಾ" ಅನ್ನಬಹುದಿತ್ತಲ್ಲ! ಅನ್ನಲಿಲ್ಲ. ಇಸ್ತ್ರಿಯಮ್ಮನ ಹೊಟ್ಟೆಯಲ್ಲಿ ಆಗ ಹೊತ್ತಿಕೊಂಡ ಉರಿಯ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದರೆ ಇಡೀ ಬೀದಿಯ ಬಟ್ಟೆಗೆ ಸಾಕಾಗುತ್ತಿತ್ತು.

ಹೆತ್ತವರು ಇಟ್ಟ ಹೆಸರು ಆಕೆಗೂ ಒಂದಿತ್ತು. ಕರೆಯುವವರಿಲ್ಲದೆ ಅದು ಯಾರೂ ಬಂದು ಒಯ್ಯದ ಕೋಟಿನ ಹಾಗೆ ಯಾವುದೋ ಗೂಡಿನಲ್ಲಿ ಕೂತುಬಿಟ್ಟಿತ್ತು. ಬೀದಿಗೆಲ್ಲ ಆಕೆ ಇಸ್ತ್ರಿಯಮ್ಮ. ಮನೆಯ ಮುಂದಿನ ಕೋಣೆಯೇ ಲಾಂಡ್ರಿ. ಅಲ್ಲಿ ಕಂಬಳಿ ಹೊದಿಸಿದ ಎರಡು ಮೇಜು, ಗೋಡೆಯುದ್ದಕ್ಕೂ ಚೀಟಿ ಅಂಟಿಸಿದ ಗೂಡುಗಳು. ಹಿತ್ತಿಲಲ್ಲಿ ಬಟ್ಟೆ ಕುದಿಸುವ ಹಂಡೆ, ಮೂರು ಜನ ನಿಲ್ಲುವಷ್ಟು ದೊಡ್ಡ ಸಿಮೆಂಟಿನ ತೊಟ್ಟಿ. ಬೋರ್ಡಿನ ಮೇಲೆ 'ಮಾಲೀಕರು' ಎಂದು ಬರೆಸಿಕೊಂಡವರು ಗಂಡ. (ಬೋರ್ಡು ಬಿಟ್ಟರೆ ಬೇರೆಲ್ಲೂ ಅವರು ಮಾಲೀಕರಾಗಿರಲಿಲ್ಲ. ಮನೆಯಲ್ಲಿ ಅವರ ಮಾತು ನಡೆಯುತ್ತಿದ್ದದ್ದು ಅವರು ಒಬ್ಬರೇ ಇದ್ದಾಗ.)

ಇಸ್ತ್ರಿಯಮ್ಮನಿಗೆ ಲೋಕದಲ್ಲಿ ಒಂದೇ ಶತ್ರು: ಸುಕ್ಕು. ಮಾತಾಡುತ್ತ ನಿಂತವರ ಕಾಲರನ್ನು ಅವರಿಗೇ ಗೊತ್ತಾಗದ ಹಾಗೆ ಎಳೆದು ಸರಿಮಾಡುತ್ತಿದ್ದಳು. ಸಾವಿನ ಮನೆಗೆ ಹೋದರೂ ಮೊದಲು ಹೊದಿಸಿದ ಬಟ್ಟೆಯ ಸುಕ್ಕು ಬಿಡಿಸಿ, ಆಮೇಲೆ ಅಳಲು ಕೂರುತ್ತಿದ್ದಳು. ಮೂವತ್ತು ವರ್ಷ ನೀರಿನಲ್ಲಿ ಕೈ ಅದ್ದಿಕೊಂಡೇ ಬದುಕಿದ ಈ ಹೆಂಗಸು ಐವತ್ತೆಂಟು ದಾಟಿದರೂ ಸಮುದ್ರ ನೋಡಿರಲಿಲ್ಲ. ಹೋಗೋಣ ಎಂದಾಗೆಲ್ಲ ಯಾರದೋ ಮದುವೆಯ ಬಟ್ಟೆ ಬರುತ್ತಿತ್ತು. ಈಗ ಮಗಳದೇ ಮದುವೆ ಬಂದಿದೆ, ಮಗಳೇ ಸಮುದ್ರಕ್ಕೆ ಹೊರಟಿದ್ದಾಳೆ, ತಾಯಿಗೆ ಮಾತ್ರ ಕರೆಯಿಲ್ಲ!

ಪ್ರವಾಸದ ಯೋಜನೆ ನಡೆದದ್ದು ಆಕೆಯ ಕಣ್ಣೆದುರಿಗೇ, ಎರಡನೇ ಇಸ್ತ್ರಿಮೇಜಿನ ಮೇಲೆ. ಗೆಳತಿಯರಲ್ಲಿ ಒಬ್ಬಳು ಆಸ್ಪತ್ರೆಯ ನರ್ಸು, ಕಂಬದಷ್ಟು ಉದ್ದ. ಇನ್ನೊಬ್ಬಳು ಶಾಲೆಯ ಟೀಚರು, ಬೆಂಚಿನಷ್ಟು ಗಿಡ್ಡ. ನರ್ಸು ಫೋನು ನೋಡಿ ಓದುತ್ತಿದ್ದಳು, ಟೀಚರು ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳುತ್ತಿದ್ದಳು, ಮಗಳು ಯಾರದೋ ಪ್ಯಾಂಟಿಗೆ ಗೆರೆ ಕೂರಿಸುತ್ತಿದ್ದಳು.

"ಅದೇನು ಟ್ರಿಪ್ಪೋ ನಿಮ್ದು?" ಎಂದು ಇಸ್ತ್ರಿಯಮ್ಮ ಮೊದಲನೇ ಮೇಜಿನಿಂದ ಕೇಳಿದಳು, ಕೇಳಿದರೂ ಕೇಳದವಳ ಹಾಗೆ.

"ಬ್ಯಾಚಲರೆಟ್ ಟ್ರಿಪ್ಪು ಆಂಟಿ," ಎಂದಳು ನರ್ಸು. "ಮದುವೆ ಹುಡುಗೀನ ಗೆಳತೀರೆಲ್ಲ ಸೇರಿ ಕರ್ಕೊಂಡು ಹೋಗೋದು. ಸಮುದ್ರದ ಪಕ್ಕ ದೊಡ್ಡ ದೊಡ್ಡವರೆಲ್ಲ ಹೋಗೋ ಊರಿದು."

"ಹೋಗಿ ಏನ್ ಮಾಡ್ತೀರಿ?"

"ಏನೂ ಮಾಡಲ್ಲ ಆಂಟಿ. ಅದೇ ಪ್ಲಾನು. ಬರೀ ರಿಲ್ಯಾಕ್ಸು."

"ಏನೂ ಮಾಡದೇ ಇರೋಕೆ ಪ್ಲಾನು ಬೇಕೇನ್ರೇ? ನಮ್ಮ ಮನೆಯವ್ರು ಮೂವತ್ತು ವರ್ಷದಿಂದ ಪ್ಲಾನೇ ಇಲ್ದೆ ಮಾಡ್ತಿದ್ದಾರೆ."

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಯಜಮಾನರು ಸೂಜಿ ಬೆರಳಿಗೆ ಚುಚ್ಚಿಕೊಂಡರು. ಮಗಳು ಇಸ್ತ್ರಿಪೆಟ್ಟಿಗೆಯನ್ನು ಠಪ್ಪನೆ ನೆಟ್ಟಗೆ ನಿಲ್ಲಿಸಿದಳು.

"ಅಮ್ಮ, ಕೇಳಿಸ್ಕೊ. ಹದಿನೈದನೇ ವಯಸ್ಸಿಂದ ಈ ಮೇಜಿನ ಮುಂದೆ ನಿಂತಿದ್ದೀನಿ. ಆ ಮೂರು ದಿನ ನನ್ನ ಕೈಗೆ ಯಾರೂ ಬಟ್ಟೆ ಕೊಡಕೂಡ್ದು. ಒಗೆಯಲ್ಲ, ಮಡಚಲ್ಲ, ಇಸ್ತ್ರಿ ಕಡೆ ತಿರುಗಿ ನೋಡಲ್ಲ. ಟವೆಲ್ ಕೆಳಗೆ ಬಿದ್ರೂ ಕಾಲಲ್ಲಿ ಸರಿಸ್ತೀನಿ."

"ಕಾಲಲ್ಲಿ!" ಇಸ್ತ್ರಿಯಮ್ಮ ಎದೆ ಹಿಡಿದುಕೊಂಡಳು. ಬೀಗರ ಮನೆಯವರು ಮದುವೆ ಬೇಡ ಎಂದಿದ್ದರೂ ಆಕೆ ಅಷ್ಟು ನೊಂದುಕೊಳ್ಳುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಯಜಮಾನರು ಹೆಂಡತಿಯ ಮುಖ ನೋಡಿ, "ನಾನೂ ಬರ್ತೀನಿ ಅಂತ ಒಂದು ಮಾತು ಕೇಳಿಬಿಡಬಾರ್ದೇನೇ?" ಎಂದರು.

"ನಾನ್ಯಾಕ್ರೀ ಕೇಳ್ಲಿ? ಕರೆಯೋರಿಗೆ ಇರ್ಬೇಕು. ಕರೆಯದ ಮನೆಗೆ ಹೋಗಿ ಬಾಗಿಲಲ್ಲಿ ನಿಲ್ಲೋ ಜಾತಿಯವಳಲ್ಲ ನಾನು."

"ಅಲ್ಲ, ಅದು ಮನೆಯಲ್ಲ ಕಣೇ, ಸಮುದ್ರ. ಅದಕ್ಕೆ ಬಾಗಿಲೇ ಇಲ್ಲ."

"ನಿಮಗೇನ್ರೀ, ನೋಡಿದ್ದೀರಿ. ಹೊಟ್ಟೆ ತುಂಬಿದೋರು."

"ನೋಡಿದ್ದೀನಿ. ಏನಿದೆ ಮಹಾ ಅದ್ರಲ್ಲಿ? ನೀರು. ಬರೀ ನೀರು. ನಮ್ಮ ಹಿತ್ತಿಲ ತೊಟ್ಟಿ ಗಡಿ ದಾಟಿ ಹೋದ್ರೆ ಅದೇ."

ಆಕೆ ಅವರ ತಟ್ಟೆಯಲ್ಲಿ ಇನ್ನೂ ಅರ್ಧ ಊಟ ಇರುವಾಗಲೇ ತಟ್ಟೆ ಎತ್ತಿಕೊಂಡು ಹೋದಳು. ಆದರೆ ಸಂಜೆ ಎಲ್ಲರೂ ಹೊರಗೆ ಹೋದಾಗ, ಬೀರುವಿನ ಮೇಲಿದ್ದ ಚೀಲವನ್ನು ಇಳಿಸಿ, ಧೂಳು ಕೊಡವಿ, ತನ್ನ ನಾಲ್ಕು ಜೊತೆ ಬಟ್ಟೆಯನ್ನು ಗೆರೆ ಕೆಡದಂತೆ ಮಡಚಿ ತುಂಬಿಟ್ಟಳು. ಸುಮ್ಮನೆ. ಇರಲಿ ಅಂತ.

ಹೊರಡುವುದಕ್ಕೆ ಎರಡು ದಿನ ಇದೆ ಎನ್ನುವಾಗ ಗೆಳತಿಯರು ಮೂರು ಉದ್ದನೆಯ ಡಬ್ಬ ತಂದರು. ಮೂವರಿಗೂ ಒಂದೇ ಥರದ ಗೌನು, ಹಾಲಿನ ಕೆನೆಯ ಬಣ್ಣದ್ದು, ಅಲೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲು. ಒಳಗೆ ಕಾಲಿಡಬೇಕಾದರೂ ಮುಂಚೆ ಫೋನು ಮಾಡಿ ಹೇಳಬೇಕಾದಂಥ ಅಂಗಡಿಯಿಂದ ತಂದದ್ದು. ಪ್ರವಾಸಕ್ಕೆಂದು ಕೂಡಿಟ್ಟದ್ದರಲ್ಲಿ ಅರ್ಧ ಅದಕ್ಕೇ ಹೋಗಿತ್ತು. "ಆಂಟಿ, ನಮ್ಮ ಹಾಸ್ಟೆಲಿನಲ್ಲಿಟ್ರೆ ಯಾರಾದ್ರೂ ತೊಟ್ಕೊಂಡು ಹೋಗಿಬಿಡ್ತಾರೆ. ನಿಮ್ಮ ಹತ್ರಾನೇ ಜೋಪಾನವಾಗಿರ್ಲಿ," ಎಂದು ನರ್ಸು ಡಬ್ಬಗಳನ್ನು ಒಪ್ಪಿಸಿದಳು. ಮಾರನೇ ದಿನ ಬೆಳಿಗ್ಗೆ ಮೂವರೂ ಕೂದಲು, ಉಗುರು, ಹುಬ್ಬು ಮುಂತಾದ ರಿಪೇರಿಗಳಿಗೆ ಪಾರ್ಲರಿಗೆ ಹೊರಟುಹೋದರು.

ಇಸ್ತ್ರಿಯಮ್ಮ ಡಬ್ಬ ಬಿಚ್ಚಿದಳು. ಸುಮ್ಮನೆ ನೋಡಲು. ನೋಡಿದವಳು ಕಂಬಳಿಯ ಮೇಲೆ ಕೈಯೂರಿ ನಿಂತುಬಿಟ್ಟಳು.

"ರೀ! ಬನ್ನಿ ಇಲ್ಲಿ! ಹುಡುಗೀರಿಗೆ ಟೊಪ್ಪಿ ಹಾಕಿದಾರೆ ಕಣ್ರೀ!"

ಕುತ್ತಿಗೆಯಿಂದ ಅಂಚಿನವರೆಗೆ ಸುಕ್ಕು. ಒಂದಲ್ಲ ಎರಡಲ್ಲ, ಕೂದಲೆಳೆಯ ಅಂತರಕ್ಕೆ ಒಂದು ಸುಕ್ಕು. ಲಾರಿಯ ಚಕ್ರದ ಕೆಳಗೆ ಸಿಕ್ಕಿ, ಮಳೆಯಲ್ಲಿ ನೆನೆದು, ಹಸು ಅಗಿದು ಉಗಿದರೂ ಬಟ್ಟೆಗೆ ಅಷ್ಟು ಸುಕ್ಕು ಬೀಳುವುದಿಲ್ಲ. ಮೂರಕ್ಕೆ ಮೂರೂ ಹಾಗೇ! ಗೋಡೌನಿನ ತಳದಲ್ಲಿ ವರ್ಷಗಟ್ಟಲೆ ಬಿದ್ದಿದ್ದ ಮಾಲನ್ನು ಪಾಪದ ಹುಡುಗಿಯರ ತಲೆಗೆ ಕಟ್ಟಿದ್ದಾರೆ ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ.

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಅದು ಹಾಗೇ ಇರ್ಬೇಕೇನೋ ಕಣೇ."

"ಸುಕ್ಕು ಇರ್ಬೇಕಾದ್ದು ಮುಖದ ಮೇಲೆ. ಅದೂ ನಿಮ್ಮ ಮುಖದ ಮೇಲೆ."

"ಆದ್ರೂ ಒಂದು ಫೋನು ಮಾಡಿ..."

"ಏನಂತ? ನಿಮಗೆ ಮೋಸ ಮಾಡಿದಾರೆ ಅಂತ ಹೇಳಿ ಮಕ್ಕಳ ಮನಸ್ಸು ಕೆಡಿಸ್ಲಾ? ನಾನಿರೋವಾಗ?"

ಆಗಲೇ ಆಕೆಯ ತಲೆಯಲ್ಲಿ ಮಹಾಸಂಕಲ್ಪವೊಂದು ಮಿಂಚಿತು. ಸಂಜೆ ಹುಡುಗಿಯರು ಬರುತ್ತಾರೆ. ಮೂರು ಗೌನೂ ಕನ್ನಡಿಯ ಹಾಗೆ ತೂಗುತ್ತಿರುತ್ತವೆ. ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಆಮೇಲೆ ಮಗಳು ಕಣ್ಣೀರು ಒರೆಸಿಕೊಂಡು, "ಅಮ್ಮ, ನೀನಿಲ್ಲದೆ ನಾವು ಹೇಗೆ ಹೋಗೋದು?" ಅನ್ನುತ್ತಾಳೆ. (ಈ ಮಾತನ್ನು ಆಕೆ ಮಗಳ ದನಿಯಲ್ಲೇ ಎರಡು ಸಲ ಹೇಳಿ ನೋಡಿದಳು. ಚೆನ್ನಾಗಿತ್ತು.)

ಯುದ್ಧ ಶುರುವಾಯಿತು. ಮೊದಲು ಹಗುರ ಪೆಟ್ಟಿಗೆ ಇಟ್ಟಳು, ಸುಕ್ಕು ಜಗ್ಗಲಿಲ್ಲ. ಉಗಿ ಬಿಟ್ಟಳು, ಸುಕ್ಕು ಮೈಮುರಿದೆದ್ದು ಮತ್ತೆ ಮಲಗಿತು. ಒದ್ದೆ ಬಟ್ಟೆ ಹಾಸಿ ಒತ್ತಿದಳು, ಗಂಜಿ ಕೊಟ್ಟಳು, ಕುದಿನೀರಿನಲ್ಲಿ ಅದ್ದಿ ತೆಗೆದಳು. ಅದಕ್ಕೂ ಬಗ್ಗದಾಗ ಪೆನ್ಷನ್ ಪಡೆದು ಅಟ್ಟದ ಮೇಲೆ ಕೂತಿದ್ದ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಯಜಮಾನರ ಕೈಲಿ ಇಳಿಸಿದಳು. ಅದನ್ನು ಇಳಿಸುವಾಗ ಅವರ ಸೊಂಟ ಹಿಡಿದುಕೊಂಡಿತು, ಇಸ್ತ್ರಿಯಮ್ಮ ಅದರ ಮೇಲೂ ಒಂದು ಸಲ ಬಿಸಿ ಇಟ್ಟು ಮತ್ತೆ ಗೌನಿಗೆ ಮರಳಿದಳು. ಮೂವತ್ತು ವರ್ಷದಲ್ಲಿ ಇಂಥ ಹಠಮಾರಿ ಸುಕ್ಕನ್ನು ಆಕೆ ಕಂಡಿರಲಿಲ್ಲ. ವಕೀಲರ ಕೋಟು, ಡಾಕ್ಟರರ ಕೋಟು, ಎರಡು ಸಲ ಚುನಾವಣೆ ಗೆದ್ದವರ ಜುಬ್ಬ, ಎಲ್ಲವೂ ಆಕೆಯ ಕೈಕೆಳಗೆ ಬಾಲ ಮುದುರಿಕೊಂಡು ನೆಟ್ಟಗಾಗಿದ್ದವು. ಈ ಗೌನುಗಳದ್ದೇನು ಲೆಕ್ಕ!

ಮಧ್ಯಾಹ್ನ ಮೂರರ ಹೊತ್ತಿಗೆ ಮೊದಲನೇ ಗೌನು ಶರಣಾಯಿತು. ಒಂದು ವಿಚಿತ್ರ ಮಾತ್ರ ನಡೆಯಿತು. ಸುಕ್ಕು ಬಿಟ್ಟಂತೆಲ್ಲ ಗೌನು ಅಗಲವಾಗುತ್ತ ಹೋಯಿತು. ಮೇಜು ತುಂಬಿ, ಎರಡೂ ಕಡೆ ಇಳಿದು, ನೆಲದ ಮೇಲೆ ಹರಡಿತು. ಇಸ್ತ್ರಿಯಮ್ಮನಿಗೆ ಇದರಿಂದ ಹೆಮ್ಮೆಯೇ ಆಯಿತು. "ಕೊಟ್ಟ ಬಟ್ಟೆ ಕುಗ್ಗಿಸಿ ಕೊಡೋ ಲಾಂಡ್ರಿಗಳು ನೂರಿವೆ ಕಣ್ರೀ. ಬಟ್ಟೆ ಬೆಳೆಸಿ ಕೊಡೋ ಲಾಂಡ್ರಿ ನಮ್ದೊಂದೇ," ಎಂದಳು.

ಸಂಜೆ ಹುಡುಗಿಯರು ಹೊಸ ಹುಬ್ಬುಗಳೊಂದಿಗೆ ಒಳಗೆ ಬಂದರು. ಮೂರು ಗೌನೂ ಸೂರಿನ ಕೊಕ್ಕೆಯಿಂದ ನೆಲದವರೆಗೆ ಇಳಿಬಿದ್ದು, ಸರ್ಕಸ್ಸಿನವರು ಊರಿಗೆ ಬಂದು ಡೇರೆ ಹೊಡೆದ ಹಾಗೆ ಕಾಣುತ್ತಿದ್ದವು. ಪಕ್ಕದಲ್ಲಿ ಇಸ್ತ್ರಿಯಮ್ಮ ಬೆವರು ಒರೆಸಿಕೊಂಡು, ಹಾರಕ್ಕೆ ಕಾದ ಸೇನಾಪತಿಯಂತೆ ನಿಂತಿದ್ದಳು.

ಟೀಚರು ಹಾಗೇ ಕುಸಿದು ಮೂಟೆಯ ಮೇಲೆ ಕೂತಳು. ನರ್ಸು ತನ್ನ ನಾಡಿಯನ್ನು ತಾನೇ ಹಿಡಿದು ನೋಡಿಕೊಂಡಳು.

"ನೋಡಿದ್ರಾ?" ಎಂದಳು ಇಸ್ತ್ರಿಯಮ್ಮ. "ಒಂದೇ ಒಂದು ಸುಕ್ಕು ತೋರಿಸಿ ನೋಡೋಣ."

"ಅಮ್ಮ," ಮಗಳ ದನಿ ಬಾವಿಯ ತಳದಿಂದ ಬಂದ ಹಾಗಿತ್ತು, "ಅದು ಸುಕ್ಕಿನ ಗೌನು."

"ಗೊತ್ತು. ಅದಕ್ಕೇ ತೆಗೆದೆ."

"ಆಂಟಿ, ಸುಕ್ಕು ಬೇಕೂಂತಾನೇ ಹಾಕಿರೋದು ಅದು! ಮಿಷನ್ನಿನಲ್ಲಿ ಕೂರಿಸಿರ್ತಾರೆ. ನಾವು ದುಡ್ಡು ಕೊಟ್ಟಿದ್ದೇ ಸುಕ್ಕಿಗೆ!" ನರ್ಸು ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು.

ಇಸ್ತ್ರಿಯಮ್ಮನ ಕಾಲ ಕೆಳಗಿನ ಭೂಮಿ ಸ್ವಲ್ಪ ಸುಕ್ಕುಗಟ್ಟಿತು. ಸುಕ್ಕಿಗೆ ದುಡ್ಡು! ಸುಕ್ಕು ತೆಗೆದು ಹೊಟ್ಟೆ ಹೊರೆಯುವವಳು ತಾನು; ಸುಕ್ಕು ಹಾಕಿ ಬಂಗಲೆ ಕಟ್ಟಿದವರೂ ಇದ್ದಾರೆಯೇ? ಹಾಗಾದರೆ ಮೂವತ್ತು ವರ್ಷ ಬೀದಿಯ ತಪ್ಪು ಬದಿಯಲ್ಲಿ ಅಂಗಡಿ ಇಟ್ಟಂತಾಯಿತಲ್ಲ!

ನರ್ಸು ಧೈರ್ಯ ಮಾಡಿ ಒಂದನ್ನು ತೊಟ್ಟಳು. ಅಷ್ಟು ಉದ್ದದ ಹುಡುಗಿ ಅದರೊಳಗೆ ಎಲ್ಲಿ ಹೋದಳೆಂದು ತಿಳಿಯಲಿಲ್ಲ. ಟೀಚರು ಹುಡುಕಲು ಹೋಗಿ ಅದೇ ಗೌನಿನೊಳಗೆ ತೂರಿದಳು. ಇಬ್ಬರಿಗೂ ಆರಾಮವಾಗಿ ಜಾಗವಿತ್ತು.

"ಒಂದು ಲಾಭ ಇದೆ," ಎಂದರು ಯಜಮಾನರು ಮೂಲೆಯಿಂದ. "ಹೋಟೆಲಿನಲ್ಲಿ ರೂಮು ಬೇಕಾಗಲ್ಲ. ಗೌನಿನಲ್ಲೇ ಇರಬಹುದು."

ನಾಲ್ವರು ಹೆಂಗಸರೂ ಒಟ್ಟಿಗೆ ತಿರುಗಿ ನೋಡಿದ ನೋಟಕ್ಕೆ ಅವರು ಸೊಂಟ ನೋವು ಮರೆತು ಹಿತ್ತಿಲಿಗೆ ನಡೆದರು.

ಮಗಳು ಗೋಡೆಗೆ ಒರಗಿ, "ನನ್ನ ಜೀವಮಾನದಲ್ಲಿ ಒಂದ್ಸಲ, ಒಂದೇ ಒಂದ್ಸಲ, ಬಟ್ಟೆ ಯೋಚನೆ ಇಲ್ದೆ ಇರೋಣ ಅಂದ್ಕೊಂಡೆ..." ಎಂದು ಗದ್ಗದಿಸಿದಳು. ಅದನ್ನು ಕೇಳಿ ಇಸ್ತ್ರಿಯಮ್ಮನಿಗೆ ಹೊಟ್ಟೆಯೊಳಗೆ ಕೈ ಹಾಕಿ ಹಿಂಡಿದಂತಾಯಿತು. ಹಿಂಡಿದಂತೆ! ಅಲ್ಲೇ ಹೊಳೆಯಿತು.

"ಏಳ್ರೇ ಎಲ್ರೂ. ಸುಕ್ಕು ತೆಗೆಯೋಕೆ ಗೊತ್ತಿರೋಳಿಗೆ ಹಾಕೋಕೆ ಗೊತ್ತಿಲ್ವಾ?"

ಗೌನನ್ನು ತೊಟ್ಟಿಯಲ್ಲಿ ನೆನೆಸಿ, ಬೆರಳಿನಿಂದ ಸಣ್ಣಸಣ್ಣಗೆ ನಿರಿಗೆ ಹಿಡಿದು, ಒಂದು ತುದಿಯನ್ನು ಮಗಳ ಕೈಗೆ ಕೊಟ್ಟಳು. (ಮಗಳು ತಾಯಿಯನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾಗದು.) ಇನ್ನೊಂದು ತುದಿ ತಾನು ಹಿಡಿದು ಹಿಂಡಲು ಶುರುಮಾಡಿದಳು. ಎರಡು ಹಾಸಿಗೆಯ ಹೊದಿಕೆಯನ್ನು ಒಟ್ಟಿಗೆ ಹಿಂಡಿ ಒಣಗಿಸುವ ರಟ್ಟೆ ಅದು. ಗೌನು ತಿರುಚಿಕೊಂಡು, ಬಿಗಿದುಕೊಂಡು, ಕೊನೆಗೆ ತಾನೇ ಸುರುಳಿ ಸುತ್ತಿ ಹಗ್ಗದ ಗಂಟಾಯಿತು. ಅದನ್ನು ದಾರದಿಂದ ಕಟ್ಟಿ ಹಂಡೆಯ ಒಲೆಯ ಪಕ್ಕದ ಬಿಸಿ ಗೋಡೆಗೆ ನೇತುಹಾಕಿದರು. ಮೂರೂ ಮುಗಿಯುವ ಹೊತ್ತಿಗೆ ನರ್ಸಿನ ಹೊಸ ಉಗುರುಗಳಲ್ಲಿ ನಾಲ್ಕು ತೊಟ್ಟಿಯ ಪಾಲಾಗಿದ್ದವು.

ಬೆಳಿಗ್ಗೆ ಗಂಟು ಬಿಚ್ಚಿದರೆ ಏನಾಶ್ಚರ್ಯ! ಸುಕ್ಕುಗಳೆಲ್ಲ ತವರಿಗೆ ಮರಳಿದ ಹಾಗೆ ಬಂದು ಕೂತಿವೆ. ಅಂಗಡಿಯವರದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇದೆ. ಗೌನು ಮತ್ತೆ ಹುಡುಗಿಯರ ಅಳತೆಗೆ ಬಂತು. ಟೀಚರು ಕುಣಿದಾಡಿದಳು. ಬಸ್ಸಿಗೆ ಇನ್ನು ಮೂರು ಗಂಟೆ ಸಮಯವಿತ್ತು.

ನರ್ಸು ಮಾತ್ರ ಬುದ್ಧಿವಂತೆ. "ಆಂಟಿ, ಇದು ಎಷ್ಟು ಹೊತ್ತು ನಿಲ್ಲುತ್ತೆ?"

"ನೀರು ತಾಗೋವರೆಗೆ."

"ನಾವು ಹೋಗ್ತಿರೋದೇ ನೀರಿಗಲ್ವಾ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಚರು ಗಿಡ್ಡ ಕೈಗಳಿಂದ ಟವೆಲೊಂದನ್ನು ತಿರುಚಿ ನೋಡಿ ಕೈಬಿಟ್ಟಳು. ಮಗಳು ನೆಲ ನೋಡಿದಳು, ಸೂರು ನೋಡಿದಳು, ಕೊನೆಗೆ ಬೇರೆ ದಾರಿಯಿಲ್ಲದೆ ಹೇಳಿದಳು:

"ಅಮ್ಮ, ನೀನೂ ಬಾ."

ಅಬ್ಬ! ಆ ಮೂರು ಮಾತಿಗೆ ಎಷ್ಟು ದಿನದಿಂದ ಕಾದಿದ್ದಳು! ಆದರೂ ಬಿಗುಮಾನ ಬಿಡುವುದುಂಟೇ? "ಅಯ್ಯೋ, ನನಗೆಲ್ಲಿ ಪುರುಸೊತ್ತು? ಹನ್ನೊಂದು ಗಂಟು ಕೊಡೋದಿದೆ. ನಿಮ್ಮಪ್ಪನ ಊಟ ಇದೆ. ಈಗಿಂದೀಗ ಹೊರಡು ಅಂದ್ರೆ ಬಟ್ಟೆಬರೆ ಯಾವಾಗ ತುಂಬ್ಕೊಳ್ಳಿ..."

"ನಾಲ್ಕು ದಿನದಿಂದ ಮಂಚದ ಕೆಳಗಿದೆ ನಿನ್ನ ಚೀಲ," ಎಂದು ಯಜಮಾನರು ಅದನ್ನು ತಂದು ಬಾಗಿಲಲ್ಲಿಟ್ಟರು.

ಆ ಊರಿನ ಹೆಚ್ಚುಗಾರಿಕೆಯನ್ನು ಇಸ್ತ್ರಿಯಮ್ಮ ಬಸ್ಸಿನಿಂದ ಇಳಿಯುತ್ತಲೇ ಕಂಡಳು. ಬೀದಿಯಲ್ಲಿ ಕಸವಿಲ್ಲ, ನಾಯಿಗಳಿಗೂ ಸ್ನಾನವಾಗಿದೆ, ಮನೆಗಳೆಲ್ಲ ಈಗಷ್ಟೇ ನೀಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿವೆ. ಆದರೆ ಜನ! ಕಾರಿನಿಂದ ಇಳಿದ ಸಾಹೇಬರ ಪ್ಯಾಂಟು ಸುಕ್ಕು. ಅವರ ಹೆಂಡತಿಯ ಅಂಗಿ ಸುಕ್ಕು. ಹೋಟೆಲಿನ ಬಾಗಿಲು ತೆರೆದವನ ಬಟ್ಟೆ ಮಾತ್ರ ಇಸ್ತ್ರಿಯಾಗಿತ್ತು; ಹಾಗಾಗಿ ಇಸ್ತ್ರಿಯಮ್ಮ ಅವನೇ ಹೋಟೆಲಿನ ಒಡೆಯನೆಂದುಕೊಂಡು ನಮಸ್ಕಾರ ಮಾಡಿದಳು. ದೊಡ್ಡವರ ಊರು ಅಂದರೆ ಇದೇನಾ! ಆಕೆಯ ಕೈ ತುರಿಸಿದ ತುರಿಕೆಗೆ ಎರಡೂ ಕೈಯನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯಬೇಕಾಯಿತು.

ಕೋಣೆ ಹಿಂಭಾಗದಲ್ಲಿ ಸಿಕ್ಕಿತು. ಕಿಟಕಿಯಿಂದ ಕಾಣುತ್ತಿದ್ದದ್ದು ಹೋಟೆಲಿನ ಅಡುಗೆಮನೆಯ ಹೊಗೆಕೊಳವೆ. ಸಮುದ್ರ ಕಟ್ಟಡದ ಆ ಕಡೆ. "ಚೀಲ ಇಟ್ಟು ಹೋಗಿಬಿಡೋಣ," ಎಂದಳು ಇಸ್ತ್ರಿಯಮ್ಮ. ಅಷ್ಟರಲ್ಲಿ ಟೀಚರು ಡಬ್ಬ ಬಿಚ್ಚಿ ಕಿರುಚಿದಳು. ಸಮುದ್ರದ ಗಾಳಿಯ ತೇವಕ್ಕೆ ಗೌನುಗಳು ಡಬ್ಬದೊಳಗೇ ಉಸಿರು ಎಳೆದುಕೊಂಡು ಉಬ್ಬಿದ್ದವು.

"ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ನೀವು ಹೋಗಿ ಆಡ್ಕೊಳ್ರೇ, ನಾನು ಈಗ ಇದನ್ನ ಹಿಂಡಿಟ್ಟು ಬಂದೆ," ಎಂದು ಆಕೆ ಬಚ್ಚಲಿಗೆ ಹೋದಳು.

ಹಿರಿಯರ ಗಾದೆಗಳೆಲ್ಲ ನಿಜವೆಂದೇ ನಾವು ನಂಬಿಕೊಂಡು ಬಂದಿದ್ದೇವೆ. 'ಊರಿಗೆ ಬಂದವಳು ನೀರಿಗೆ ಬಾರದಿರುವಳೇ' ಎಂಬ ಗಾದೆಯನ್ನು ಮೂರೇ ದಿನದಲ್ಲಿ ಸುಳ್ಳು ಮಾಡಿದ ಕೀರ್ತಿ ಇಸ್ತ್ರಿಯಮ್ಮನದು. ಬೆಳಿಗ್ಗೆ ಹುಡುಗಿಯರು ಗೌನು ತೊಟ್ಟು ಅಲೆಯ ಮುಂದೆ ಫೋಟೋಗೆ ನಿಲ್ಲುವರು. ಅಲೆಗೆ ಫೋಟೋ ಗೀಟೋ ಏನು ಗೊತ್ತು? ಬಂದು ಸೊಂಟದವರೆಗೆ ನೆನೆಸುವುದು. ಮೂವರೂ ಅಡ್ಡಾದಿಡ್ಡಿ ಅಗಲವಾಗುತ್ತ ಓಡಿಬಂದು ಬಚ್ಚಲ ಬಾಗಿಲು ತಟ್ಟುವರು. ಇಸ್ತ್ರಿಯಮ್ಮ ಹಿಂಡಬೇಕು, ತಿರುಚಬೇಕು, ಗಂಟು ಹಾಕಬೇಕು, ಕೂದಲು ಒಣಗಿಸುವ ಯಂತ್ರ ಹಿಡಿದು ಒಂದೊಂದು ಗಂಟಿನ ಮುಂದೆ ತಪಸ್ಸಿಗೆ ಕೂರಬೇಕು. ಸಂಜೆ ಊಟಕ್ಕೆ ಮತ್ತೆ ಅದೇ ಗೌನು. (ಊರಿಗೆ ಒಪ್ಪುವಂಥದ್ದು ಅವರ ಬಳಿ ಇದ್ದದ್ದು ಅದೊಂದೇ.) ಒಂದು ಸಂಜೆ ಊಟ ಮುಗಿ‌ಯುವಷ್ಟರಲ್ಲಿ ಮಗಳ ಗೌನು ಗಾಳಿಗೆ ಬೆಳೆದು ಬೆಳೆದು ಪಕ್ಕದ ಮೇಜಿನವರೆಗೆ ಹೋಗಿ, ಬಡಿಸುವವನು ಎಡವಿ, ಸೂಪಿನ ಬೋಗುಣಿಯ ಸಮೇತ ಅದರಲ್ಲೇ ಮಲಗಿದ. ಮತ್ತೆ ಬಚ್ಚಲು.

ಇಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಎರಡನೇ ದಿನ ಬಾಗಿಲಲ್ಲಿ ಮೂರೆಳೆ ಮುತ್ತಿನ ಸರ ಹಾಕಿಕೊಂಡ ಹೆಂಗಸೊಬ್ಬಳು ನಿಂತಿದ್ದಳು, ಕೈಯಲ್ಲಿ ಸಪಾಟಾದ ನೇರಳೆ ಗೌನು.

"ನಿಮ್ಮ ಮಗಳ ಗೌನು ನೋಡ್ದೆ. ಎಂಥ ಸುಕ್ಕು! ನೀವೇ ಕೈಯಲ್ಲಿ ಮಾಡ್ತೀರಂತೆ. ನನ್ನದನ್ನ ಈ ಹೋಟೆಲಿನ ಲಾಂಡ್ರಿಯವನು ಇಸ್ತ್ರಿ ಮಾಡಿಬಿಟ್ಟಿದ್ದಾನೆ, ಮೂರ್ಖ!"

ಕಾಣದ ಆ ಮೂರ್ಖನ ಮೇಲೆ ಇಸ್ತ್ರಿಯಮ್ಮನಿಗೆ ಒಡಹುಟ್ಟಿದವನ ಮೇಲಿರುವಷ್ಟು ಕರುಣೆ ಉಕ್ಕಿತು. ಆದರೆ ಬಾಯಿ ಮಾತ್ರ, "ಕೆಲವರಿಗೆ ಸುಕ್ಕಿನ ಬೆಲೆ ಗೊತ್ತಿರಲ್ಲ ಬಿಡಿ ತಾಯಿ," ಎಂದಿತು. ಗೌನು ತೆಗೆದುಕೊಂಡಳು. ಕೆಲಸಗಾರರ ಕೈಗೆ ಹೊಗಳಿಕೆ ಸಿಕ್ಕರೆ ಕೈ ಯಜಮಾನನ ಮಾತು ಕೇಳುತ್ತದೆಯೇ? ಮುತ್ತಿನ ಸರದಾಕೆ ಅಕ್ಕಪಕ್ಕದವರಿಗೆ ಹೇಳಿದಳು. ಅವರು ಮೇಲಿನ ಮಹಡಿಯವರಿಗೆ ಹೇಳಿದರು. ಸಾಯಂಕಾಲದೊಳಗೆ ಬಚ್ಚಲ ಕಂಬಿಯ ಮೇಲೆ ಹನ್ನೆರಡು ಬಟ್ಟೆಗಳು ಸುರುಳಿ ಸುತ್ತಿ ತೂಗುತ್ತಿದ್ದವು. ಟೀಚರು ಬಾಗಿಲು ತೆರೆದವಳು ಹಾವಿನ ಸಂತೆ ನೋಡಿದಂತೆ ಬೆದರಿ, ಸ್ನಾನವನ್ನು ಮುಂದಕ್ಕೆ ಹಾಕಿದಳು.

ಮಗಳು? ಮಗಳು ಮರಳಿನ ಮೇಲೆ ಆರಾಮಕುರ್ಚಿಯಲ್ಲಿ ಮಲಗಿ, ಕೊಟ್ಟ ಮಾತು ಉಳಿಸಿಕೊಂಡಿದ್ದಳು. ಆಕೆಯ ಟವೆಲ್ ಎರಡು ಸಲ ಕೆಳಗೆ ಬಿತ್ತು. ಎರಡು ಸಲವೂ ಕಾಲಲ್ಲೇ ಸರಿಸಿದಳು. ಆದರೆ ಹೊತ್ತುಹೊತ್ತಿಗೆ ಕೋಣೆಗೆ ಬಂದು ಕರೆಯುತ್ತಿದ್ದಳು, ಅದನ್ನೂ ಹೇಳಬೇಕು.

"ಅಮ್ಮ, ಬಾರೇ. ಸಮುದ್ರ ನೋಡು ಬಾ."

"ಇದೊಂದು ಹಿಂಡಿ ಬಂದೆ ಕಣೇ."

"ನಿನ್ನೆಯಿಂದ ಇದೊಂದು ಇದೊಂದು ಅಂತಿದ್ದೀಯ!"

"ಅಲ್ಲೇ ಇರುತ್ತಲ್ಲ ಅದು, ಎಲ್ಲಿಗೆ ಓಡಿಹೋಗುತ್ತೆ? ಮುತ್ತಿನಮ್ಮ ಸಂಜೆಗೆ ಬೇಕು ಅಂದಿದ್ದಾರೆ. ಅದ್ಸರಿ, ಹೇಗಿದೆಯೇ ಸಮುದ್ರ?"

"ನೀನು ನೋಡದೇ ಇರೋದೇ ಒಳ್ಳೇದೇನೋ ಅಮ್ಮ. ಕಣ್ಣು ಹಾಯೋವರೆಗೂ ಸುಕ್ಕು."

ಇಸ್ತ್ರಿಯಮ್ಮ ನಕ್ಕಳು. ನಕ್ಕು, ಬಚ್ಚಲ ಬಾಗಿಲು ಹಾಕಿಕೊಂಡ ಮೇಲೆ ಸ್ವಲ್ಪ ಹೊತ್ತು ಬಕೆಟ್ ನೋಡುತ್ತ ನಿಂತಳು. ಗೋಡೆಯಾಚೆ ಅದರ ಸದ್ದು ಕೇಳಿಸುತ್ತಿತ್ತು. ಯಾರೋ ದೊಡ್ಡ ಬಟ್ಟೆಯೊಂದನ್ನು ಕಲ್ಲಿಗೆ ಬೀಸಿ ಬೀಸಿ ಒಗೆಯುತ್ತಿದ್ದ ಹಾಗೆ. ನಾಳೆ ಬೆಳಿಗ್ಗೆ ಹೋಗೇ ಹೋಗುತ್ತೇನೆ ಎಂದುಕೊಂಡು ಇನ್ನೊಂದು ಗಂಟಿಗೆ ಕೈಹಾಕಿದಳು.

ಕೊನೆಯ ದಿನ ಬೆಳಿಗ್ಗೆ ಮಗಳು ನೇರ ಬಂದು ತಾಯಿಯ ಕೈಯಿಂದ ಬಟ್ಟೆ ಕಿತ್ತುಕೊಂಡಳು, ಬಚ್ಚಲಿಗೆ ಬೀಗ ಹಾಕಿದಳು, ಕೀಲಿಯನ್ನು ನರ್ಸಿನತ್ತ ಎಸೆದಳು. "ಬಸ್ಸಿಗೆ ಇನ್ನೂ ಎರಡು ಗಂಟೆ ಇದೆ. ನಡಿ."

ಮೂವರೂ ಸೇರಿ ಆಕೆಯನ್ನು ಕಳ್ಳನನ್ನು ಹಿಡಿದು ತರುವ ಪೊಲೀಸರಂತೆ ಕರೆದೊಯ್ದರು. ಮೂರು ದಿನ ಬಚ್ಚಲ ಕತ್ತಲಲ್ಲಿದ್ದ ಕಣ್ಣಿಗೆ ಬಿಸಿಲು ತಗುಲಿ ನೀರು ಬಂತು. ನರ್ಸು ಕರುಣೆಯಿಂದ ತನ್ನ ಬುಟ್ಟಿಯಂಥ ಟೊಪ್ಪಿಗೆಯನ್ನು ಆಕೆಯ ತಲೆಗಿಟ್ಟಳು. ಅದು ಮೂಗಿನ ತುದಿಯವರೆಗೆ ಇಳಿಯಿತು. ಇಸ್ತ್ರಿಯಮ್ಮನಿಗೆ ಕಂಡದ್ದು ತನ್ನ ಎರಡು ಪಾದ, ಅದರ ಕೆಳಗಿನ ಮರಳು. ತಣ್ಣನೆಯ ಗಾಳಿ ಬಂತು. ಸದ್ದು ಹತ್ತಿರವಾಯಿತು. ಯಾರೋ ಆಕೆಯನ್ನು ಆರಾಮಕುರ್ಚಿಯ ಮೇಲೆ ಕೂರಿಸಿದರು.

"ಇರ್ರೇ, ಒಂದು ನಿಮಿಷ ಬೆನ್ನು ಕೊಡ್ತೀನಿ," ಎಂದಳು. "ಆಮೇಲೆ ಟೊಪ್ಪಿ ತೆಗೆದು ಸರಿಯಾಗಿ ನೋಡ್ತೀನಿ."

ಅಷ್ಟು ಹೇಳಿದ್ದೊಂದು ಗೊತ್ತು. ಮಗಳು ಕುರ್ಚಿಯನ್ನು ಸಮುದ್ರದ ಕಡೆಗೆ ತಿರುಗಿಸೋಣವೆಂದು ಅದರ ಕಾಲು ಹಿಡಿದೆತ್ತುವಷ್ಟರಲ್ಲಿ ಗೊರಕೆ ಕೇಳಿಸಿತು. ಎಂಥ ಗೊರಕೆ! ಎರಡು ಕುರ್ಚಿಯಾಚೆ ಮಲಗಿದ್ದ ಸಾಹೇಬರು ಎದ್ದು ಬೇರೆ ಕಡೆ ಹೋದರು. ಇಸ್ತ್ರಿಯಮ್ಮ ಸಮುದ್ರಕ್ಕೆ ಬೆನ್ನು ಹಾಕಿ, ಹೋಟೆಲಿನ ಗೋಡೆಗೆ ಮುಖ ಮಾಡಿ, ಮೊಣಕೈವರೆಗೆ ನೆನೆದು ಬಿಳಿಚಿದ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿದ್ದೆಹೋಗಿದ್ದಳು.

"ಎಬ್ಬಿಸೋಣ್ವಾ?" ಎಂದಳು ಟೀಚರು.

ಮಗಳು ನಿಂತು ನೋಡಿದಳು. "ಬೇಡ. ಅಮ್ಮ ಹಗಲು ಹೊತ್ತು ಮಲಗಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ." ಹೇಳಿ, ಮೂರು ದಿನದಲ್ಲಿ ಮೊದಲ ಸಲ ಒಂದು ಟವೆಲನ್ನು ಕೈಯಲ್ಲಿ ಎತ್ತಿ, ಕೊಡವಿ, ತಾಯಿಯ ಕಾಲಿನ ಮೇಲೆ ಹೊದಿಸಿದಳು.

ಎಬ್ಬಿಸಿದ್ದು ಬಸ್ಸಿಗೆ ಹದಿನೈದು ನಿಮಿಷ ಇರುವಾಗ. ಆಮೇಲೆ ಓಟವೇ ಓಟ. ಅರೆನಿದ್ದೆಯಲ್ಲಿ ಎಳೆಸಿಕೊಂಡು ಬಂದ ಇಸ್ತ್ರಿಯಮ್ಮ ಬಸ್ಸಿನಲ್ಲಿ ಕೂತು, ಟೊಪ್ಪಿ ತೆಗೆದು, ಕಿಟಕಿಗೆ ಮುಖವೊತ್ತಿ ನೋಡುವಾಗ ಬಸ್ಸು ಊರು ದಾಟಿತ್ತು. ಎರಡೂ ಕಡೆ ಒಣ ಬಯಲು. ಒಂದು ಎಮ್ಮೆ ಆಕೆಯನ್ನೇ ನೋಡುತ್ತಿತ್ತು.

ಮನೆಗೆ ಬಂದಾಗ ಯಜಮಾನರು ಮೇಜಿನ ಮುಂದೆ ನಿಂತು ಯಾರದೋ ಅಂಗಿಯ ಒಂದೇ ತೋಳನ್ನು ಬೆಳಗಿನಿಂದ ಇಸ್ತ್ರಿ ಮಾಡುತ್ತಿದ್ದರು. ಹೆಂಡತಿಯನ್ನು ಕಂಡು ಮುಖ ಅರಳಿತು. ಎದುರು ಅಂಗಡಿಯವರೂ ಪಕ್ಕದ ಮನೆಯವರೂ ಬಾಗಿಲಿಗೆ ಬಂದು ನಿಂತರು.

"ಬಂದೆಯಾ! ಹೇಳೇ, ಕೊನೆಗೂ ನೋಡಿದೆಯಾ ಸಮುದ್ರಾನ?"

ಟೀಚರು ಕೆಮ್ಮಿದಳು. ಇಸ್ತ್ರಿಯಮ್ಮ ಚೀಲವನ್ನು ಕೆಳಗಿಟ್ಟಳು, ಬೀದಿಯ ಜನರನ್ನೆಲ್ಲ ಒಂದು ಸುತ್ತು ನೋಡಿದಳು, ಸೆರಗು ಸರಿಮಾಡಿಕೊಂಡವಳ ಗತ್ತಿನಲ್ಲಿ ನೆಟ್ಟಗೆ ನಿಂತಳು.

"ನೋಡೋದೇನು ಮಹಾ, ರೀ? ದಡದಲ್ಲಿ ನಿಂತು ನೋಡಿ ಬರೋಕೆ ನಿಮ್ಮಂಥೋರು ಬೇಕಾದಷ್ಟು ಜನ ಇದ್ದಾರೆ. ಮೂರು ದಿನ ಕೂತು ಹಿಂಡಿ ಬಂದಿದ್ದೀನಿ ನಾನು!"